ಕಂದೀಲು ಹಚ್ಚಿದ ಕೈ

ಇಂಗ್ಲೆಂಡಿನ ಕಡಲತೀರದ ಊರು ಥಾರ್ನ್‌ಸೀಯಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ಇಬ್ಬರಿಗೂ ಸೇರಿ ಮೂರು ಬಲಗೈಗಳು. ಒಬ್ಬೊಬ್ಬರ ಮೈಮೇಲೆ ಒಂದೊಂದು, ಮೂರನೆಯದು ಟೆಲಿವಿಷನ್ನಿನಲ್ಲಿ. ಆ ಮೂರನೆಯದು ತನ್ನದೆಂದು ಇಬ್ಬರೂ ಹಟ ಹಿಡಿದದ್ದರಿಂದ, ಒಂದೇ ಊರಿನಲ್ಲಿ ಬದುಕಿ, ಒಂದೇ ಮೀನಂಗಡಿಯ ಸಾಲಿನಲ್ಲಿ ನಿಂತು, ನಲವತ್ತು ವರ್ಷ ಮಾತಿಲ್ಲದೆ ಕಳೆದರು.

ನಮ್ಮ ಕಡೆ ತಲೆ ನರೆತವರಿಗೆಲ್ಲ ಆ ಕೈ ಗೊತ್ತು. ನಾರ್ತ್ ವೋಲ್ಡ್ಸ್ ಟೆಲಿವಿಷನ್ ಎಂಬ ನಮ್ಮ ಸೀಮೆಯ ಕಂಪೆನಿ ತನ್ನ ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ಅದನ್ನು ತೋರಿಸುತ್ತಿತ್ತು. ಮೊದಲು ಕತ್ತಲೆ, ಸಮುದ್ರದ ಸದ್ದು. ಬಲಗಡೆಯಿಂದ ಬೆಂಕಿಕಡ್ಡಿ ಹಿಡಿದ ಹೆಂಗಸಿನ ಕೈಯೊಂದು ಬಂದು ಹಡಗಿನ ಕಂದೀಲನ್ನು ಹಚ್ಚುತ್ತಿತ್ತು. ಬೆಳಕಿನಲ್ಲಿ ಕಂಪೆನಿಯ ಹೆಸರು ಮೂಡುತ್ತಿತ್ತು. ತುತ್ತೂರಿ ಐದು ಸ್ವರ ಊದುತ್ತಿತ್ತು. ಕಂಪೆನಿಯ ಲೋಗೋ ಅಂದರೆ ಇದು, ಅಷ್ಟೇ. ನಮ್ಮ ಕಡೆಯ ಮಕ್ಕಳು ಅಪ್ಪ ಅಮ್ಮ ಅನ್ನುವ ಮೊದಲು ಆ ಐದು ಸ್ವರ ಹಾಡುತ್ತಿದ್ದವು.

ಅದನ್ನು ಚಿತ್ರೀಕರಿಸಿದ ಕಾಲಕ್ಕೆ ಅಕ್ಕ ಮ್ಯೂರಿಯಲ್ ಆ ಕಂಪೆನಿಯಲ್ಲಿ ಟೈಪಿಸ್ಟು, ತಂಗಿ ಎನಿಡ್ ಅಲ್ಲೇ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಹೆಂಗಸಿನ ಕೈ ಬೇಕೆಂದು ಯಾರೋ ಕೂಗಿದಾಗ ಇಬ್ಬರೂ ಓಡಿದರು. ಇಬ್ಬರ ಕೈಯಲ್ಲೂ ಕಡ್ಡಿ ಗೀರಿಸಿದರು. "ಯಾವುದು ಚೆನ್ನಾಗಿ ಬಂದಿರುತ್ತೋ ಅದನ್ನ ಹಾಕ್ತೀವಿ" ಎಂದು ಒಂದೊಂದು ಕಪ್ ಟೀ ಕೊಟ್ಟು ಕಳಿಸಿದರು. ಯಾವುದನ್ನು ಹಾಕಿದರೆಂದು ಆಮೇಲೆ ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಖಚಿತವಾಗಿ ಗೊತ್ತಿರುವುದನ್ನು ಯಾರು ತಾನೇ ಕೇಳಲು ಹೋಗುತ್ತಾರೆ?

ಮ್ಯೂರಿಯಲ್ ಬಸ್ ಡ್ರೈವರ್ ವಿಲ್ಫ್ ಗಾರ್ಬಟ್‌ನನ್ನು ಮದುವೆಯಾದಳು. ಆ ಕೈಯನ್ನೂ ಜೊತೆಗೆ ತಂದಳು. ಜುಲೈ ತಿಂಗಳಲ್ಲೂ ಕೈಗವಸು ಹಾಕುತ್ತಿದ್ದಳು. ಎಂದೂ ಪಾತ್ರೆ ತೊಳೆಯಲಿಲ್ಲ, ತೊಳೆದವನು ವಿಲ್ಫ್. ಮಾಂಸದಂಗಡಿಯವನು ಪೊಟ್ಟಣ ಕೊಡುವಾಗ "ಕೈ ಜೋಪಾನ, ಗಾರ್ಬಟ್ ಅಮ್ಮಾವ್ರೆ" ಅನ್ನುತ್ತಿದ್ದ. ಅವನದು ತಮಾಷೆ, ಅವಳಿಗೆ ಅದು ಸಲ್ಲಬೇಕಾದ ಗೌರವ.

ಹೀಗಿರಲು ವಾರ್‌ಬೆಕ್ ಹೋಲ್ಡಿಂಗ್ಸ್ ಬಂತು. ಹೋಲ್ಡಿಂಗ್ ಕಂಪೆನಿ ಎಂದರೆ ತಾನು ಏನನ್ನೂ ಮಾಡದೆ, ಮಾಡುವವರನ್ನೆಲ್ಲ ಹಿಡಿದಿಟ್ಟುಕೊಳ್ಳುವ ಕಂಪೆನಿ. ಲಂಡನ್ನಿನಲ್ಲಿ ಕೂತು ಅದು ಒಂದೊಂದೇ ಸೀಮೆಯ ಟೆಲಿವಿಷನ್ನನ್ನು ನುಂಗುತ್ತ ಬಂತು. ಅದರ ಗುರುತು ಒಂದು ನೀಲಿ ಬಳೆ. ಮೊದಲ ವರ್ಷ ನಮ್ಮ ಕಂದೀಲಿನ ಕೆಳಗಿನ ಮೂಲೆಯಲ್ಲಿ ತಿಗಣೆಯಷ್ಟು ಕಾಣಿಸಿತು. ಮರುವರ್ಷ ತಟ್ಟೆಯಷ್ಟಾಯಿತು. ಆಮೇಲೊಂದು ಸೋಮವಾರ ಸಂಜೆ ಕತ್ತಲೆಯೂ ಇಲ್ಲ, ಕಡಲೂ ಇಲ್ಲ, ಕೈಯೂ ಇಲ್ಲ. ನೀಲಿ ಬಳೆಯೊಂದು ಗಿರ್ರನೆ ತಿರುಗಿ ನಿಂತಿತು. ಆ ಸಂಜೆ ಮ್ಯೂರಿಯಲ್ "ಟೀ ಆರಿಹೋಯ್ತು" ಎಂದಷ್ಟೇ ಹೇಳಿ ಎದ್ದುಹೋದಳೆಂದು ವಿಲ್ಫ್ ನನಗೆ ಹೇಳಿದ. ಊರಿನ ಆ ತುದಿಯಲ್ಲಿ ಎನಿಡ್ ಟಿವಿಗೆ ಒದ್ದಳೆಂದು ಅವಳ ಪಕ್ಕದ ಮನೆಯವರು ಹೇಳಿದರು. ಒಂದೇ ಸಾವಿಗೆ ಇಬ್ಬರೂ ಬೇರೆಬೇರೆ ಸೂತಕ ಹಿಡಿದರು.

ನಾನು ಕ್ಲೆಮ್ ಹೋಲ್ಟ್‌ಬಿ. ಗಾರ್ಬಟ್ ದಂಪತಿಗಳ ಪಕ್ಕದ ಮನೆ, ಕಾರ್ಮಿಕರ ಕ್ಲಬ್ಬಿನ ಕಾರ್ಯದರ್ಶಿ. ಮುಂದಿನದೆಲ್ಲ ನನ್ನ ಕಣ್ಣೆದುರೇ ಆದದ್ದು.

ಫೆಬ್ರವರಿಯಲ್ಲಿ ಮ್ಯೂರಿಯಲ್‌ಗೆ ನೆಗಡಿಯಾಯಿತು. ನೆಗಡಿ ಎದೆಗಿಳಿಯಿತು. ಆಸ್ಪತ್ರೆಯಲ್ಲಿ ಎರಡು ವಾರ ಮಲಗಿ ತೀರಿಕೊಂಡಳು. ಕೊನೆಗೊಮ್ಮೆ ಎಚ್ಚರಾದಾಗ ಗಂಡನಿಗೆ, "ವಿಲ್ಫ್, ನನ್ನ ಸುಡೋವಾಗ ಪೆಟ್ಟಿಗೆ ಮುಂದೆ ತೆರೆ ಎಳೀತಾರಲ್ಲ, ಅದಕ್ಕೆ ಮುಂಚೆ ಒಂದ್ಸಲ ಕಂದೀಲು ಹಚ್ಚಿಸು" ಅಂದಳಂತೆ. ಅವನು ಹ್ಞೂ ಅಂದ. ಅವನು ಅವಳಿಗೆ ಬೇರೇನನ್ನೂ ಅಂದವನಲ್ಲ.

ಆ ಚಿತ್ರ ಊರಲ್ಲಿ ಯಾರ ಹತ್ತಿರವೂ ಇರಲಿಲ್ಲ. ಇದ್ದರೆ ವಾರ್‌ಬೆಕ್‌ನವರ ಹತ್ತಿರ. ವಿಲ್ಫ್ ನಮ್ಮ ಮನೆಗೆ ಬಂದು ಲಂಡನ್ನಿಗೆ ಫೋನು ಹಚ್ಚಿದ.

ಇಲ್ಲಿ ವಿಲ್ಫ್‌ನ ಬಗ್ಗೆ ಒಂದು ಮಾತು ಹೇಳಬೇಕು. ಮೂವತ್ತು ವರ್ಷ ಒಂದೇ ದಾರಿಯಲ್ಲಿ ಬಸ್ ಓಡಿಸಿ ಒಂದೂ ನಿಲ್ದಾಣ ತಪ್ಪಿಸದವನು, ಮಾತಿಗೆ ಕೂತರೆ ಮಾತ್ರ ಹೊರಡುವ ಜಾಗವನ್ನೇ ಮರೆಯುತ್ತಿದ್ದ. ಎಲ್ಲೋ ಮಧ್ಯದಲ್ಲಿ ಹತ್ತುವುದು, ಹಿಂದಕ್ಕೆ ಹೋಗುವುದು, ಕೇಳುವವರು ಇಳಿದುಹೋದ ಮೇಲೆ ಊರು ತಲುಪುವುದು.

"ವಾರ್‌ಬೆಕ್ ಹೋಲ್ಡಿಂಗ್ಸ್, ನಾನು ಜೆಮ್ಮಾ" ಎಂದಿತು ಫೋನು.

"ನೋಡಮ್ಮ, ನನ್ನ ಹೆಂಡ್ತಿ ಕೈ ನಿಮ್ಮ ಹತ್ರ ಇದೆ. ಗುರುವಾರ ಅವಳನ್ನ ಸುಡ್ತೀವಿ. ಅಷ್ಟರೊಳಗೆ ಕಳಿಸಿಬಿಟ್ರೆ ಉಪಕಾರ ಆಗತ್ತೆ."

"ಕೈ ಅಂದ್ರೆ, ಸರ್?"

"ಕೈ ಅಂದ್ರೆ ಕೈ. ಬಲಗೈ. ಮಣಿಕಟ್ಟಿನ ತನಕ."

"ಅದು ನಮ್ಮ ಹತ್ರ ಹೇಗೆ ಬರತ್ತೆ, ಸರ್?"

"ನಿಮ್ಮ ಸ್ಟುಡಿಯೋದಲ್ಲೇ ಅಲ್ವೇನಮ್ಮ ತೆಗೆದಿದ್ದು? ಅವಳಿಗಾಗ ಇಪ್ಪತ್ತು ವರ್ಷ. ತೆಗೆದಾದ ಮೇಲೆ ಒಂದು ಕಪ್ ಟೀ ಕೊಟ್ಟು ಮನೆಗೆ ಕಳಿಸಿದ್ರು. ಅವಳ ತಂಗೀದೂ ಅದೇ ದಿನ ತೆಗೆದ್ರು. ಆದ್ರೆ ಅದು ಉಪಯೋಗಕ್ಕೆ ಬರ್ಲಿಲ್ಲ."

ಜೆಮ್ಮಾ ತನ್ನ ಮೇಲಿನವರಿಗೆ ಕೊಟ್ಟಳು. ಮೇಲಿನವರು ಕಾನೂನು ವಿಭಾಗಕ್ಕೆ ಕೊಟ್ಟರು. ಅಲ್ಲಿಂದ ಒಂದು ಗಂಡು ದನಿ, ಆದಷ್ಟು ಮೆತ್ತಗೆ, "ನಿಮ್ಮ ಶ್ರೀಮತಿಯವರು ಆಗ ದೂರು ಕೊಡ್ಲಿಲ್ವೆ?" ಎಂದಿತು.

"ದೂರಾ? ಅವಳಿಗೆ ಎಂಥಾ ಹೆಮ್ಮೆ ಇತ್ತು ಗೊತ್ತಾ, ಸ್ವಾಮಿ? ಬಸ್ಸಲ್ಲಿ ಸಿಕ್ಕಿದವರಿಗೆಲ್ಲ ಹೇಳ್ತಿದ್ಲು."

"ಪರಿಹಾರ ಅಂತ ಏನಾದ್ರೂ..."

"ಏನೂ ಬೇಡ. ಅಷ್ಟೂ ವರ್ಷ ಪಾತ್ರೆ ನಾನೇ ತೊಳೆದಿದೀನಿ. ಅದಕ್ಕೂ ಏನೂ ಕೇಳ್ತಿಲ್ಲ. ಕೈ ಕಳಿಸಿ ಸಾಕು."

ಪಕ್ಕದಲ್ಲೇ ನಿಂತಿದ್ದ ನನಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಥಾರ್ನ್‌ಸೀಯಲ್ಲಿ ಕೈ ಅಂದರೆ ಯಾವ ಕೈ ಎಂದು ಯಾರೂ ಕೇಳುತ್ತಿರಲಿಲ್ಲ.

ಅದೇ ಸಂಜೆ ಹೊಸ ಪಾದ್ರಿ ಸ್ಟ್ರಿಕ್‌ಲ್ಯಾಂಡ್ ಬಂದರು. ಓದಿದವರು, ಸಂಕೋಚದ ಮನುಷ್ಯ. ಊರಿಗೆ ಬಂದು ಐದಾರು ತಿಂಗಳಾಗಿತ್ತು. ಅಷ್ಟರಲ್ಲಿ ಯಾರೂ ಅವರೊಡನೆ ಚರ್ಚಿನ ಮಾಡು ಸೋರುವುದನ್ನು ಬಿಟ್ಟು ಬೇರೆ ವಿಷಯ ಎತ್ತಿರಲಿಲ್ಲ. ಪ್ರಾರ್ಥನೆ ಹೇಗಿರಬೇಕೆಂದು ಕೇಳಿದರು.

"ಹಾಡು ಯಾವುದಾದ್ರೂ ಆಗ್ಲಿ, ಪಾದ್ರಿಗಳೇ. ಕೊನೇಲಿ ಲೋಗೋ ಇರ್ಬೇಕು. ಅದೊಂದೇ ಅವಳು ಕೇಳಿದ್ದು" ಅಂದ ವಿಲ್ಫ್.

ಪಾದ್ರಿಗಳ ಕೈಯ ಬಿಸ್ಕತ್ತು ಅರ್ಧದಲ್ಲೇ ನಿಂತಿತು. ಧರ್ಮಶಾಸ್ತ್ರದಲ್ಲಿ ಲೋಗೋಸ್ ಎಂದರೆ ಗ್ರೀಕ್ ಭಾಷೆಯಲ್ಲಿ ದೇವರ ವಾಕ್ಯವಂತೆ; ಸೃಷ್ಟಿಗೂ ಮೊದಲಿನದಂತೆ. ಇದು ನನಗೆ ಆಮೇಲೆ ಗೊತ್ತಾದದ್ದು. ಒಬ್ಬ ಬಸ್ ಡ್ರೈವರು ಅದನ್ನು ಹೆಂಡತಿಯ ಶವಪೆಟ್ಟಿಗೆಯ ಪಕ್ಕಕ್ಕೆ ಕೇಳುತ್ತಾನೆಂದು ಪಾದ್ರಿಗಳು ಕನಸಿನಲ್ಲೂ ಎಣಿಸಿರಲಿಲ್ಲ.

"ಎಲ್ಲಕ್ಕಿಂತ ಮೊದಲು ಇದ್ದದ್ದೇ ಅದು, ಗಾರ್ಬಟ್ ಅವ್ರೆ" ಎಂದರು, ಬಿಸ್ಕತ್ತು ಕೆಳಗಿಟ್ಟು.

"ಹೌದು. ಅದು ಬಾರದೆ ಯಾವುದೂ ಶುರುವಾಗ್ತಿರ್ಲಿಲ್ಲ."

"ಕತ್ತಲೆಗೆ ಬೆಳಕು ತಂದದ್ದು."

"ಕಡ್ಡಿ ಗೀರಿದ ತಕ್ಷಣ."

ಪಾದ್ರಿಗಳು ಇದನ್ನು ಉಪಮೆಯೆಂದು ತಿಳಿದು ಮೆಚ್ಚಿದರು. "ಆದ್ರೆ ಲೋಕ ಅದನ್ನ ಗುರುತಿಸ್ಲಿಲ್ಲ."

"ಲೋಕ ಗುರುತಿಸ್ತು. ಎನಿಡ್ ಒಪ್ಲಿಲ್ಲ ಅಷ್ಟೇ."

ಪಾದ್ರಿಗಳು ಎನಿಡ್‌ಳನ್ನು ನಾಸ್ತಿಕಳೆಂದು ತೀರ್ಮಾನಿಸಿ, ಅವಳಿಗಾಗಿಯೂ ಪ್ರಾರ್ಥಿಸುವುದಾಗಿ ಮಾತು ಕೊಟ್ಟು ಹೋದರು.

ಮರುದಿನ ಲಂಡನ್ನಿನಿಂದ ಫ್ಯಾನ್‌ಶಾ ಎಂಬ ವಕೀಲ ರೈಲಿನಲ್ಲಿ ಬಂದಿಳಿದ. ತೆಳ್ಳಗಿನ ಮನುಷ್ಯ, ಒಂದು ಕೈಯಲ್ಲಿ ಬಿಳಿ ಹೂವು, ಇನ್ನೊಂದರಲ್ಲಿ ಕಪ್ಪು ಪೆಟ್ಟಿಗೆ. ವಿಲ್ಫ್‌ನ ಕಣ್ಣೆಲ್ಲ ಆ ಪೆಟ್ಟಿಗೆಯ ಮೇಲೆ.

"ತಂದಿದೀರಾ?"

"ಮೊದಲು ಪರಿಸ್ಥಿತಿ ನೋಡೋಣ ಅಂತ..." ಎಂದು ವಕೀಲ ಬೆವರು ಒರೆಸಿಕೊಂಡ. ಹೊರಗೆ ಹಿಮ ಬೀಳುತ್ತಿತ್ತು.

"ಅದೂ ಸರೀನೆ. ಬನ್ನಿ, ಒಂದ್ಸಲ ಅವಳನ್ನ ನೋಡಿಬಿಡಿ."

ಮೂವರೂ ನಡೆದು ಶವಸಂಸ್ಕಾರದ ವ್ಯವಸ್ಥೆ ಮಾಡುವ ಬೀಡಲ್‌ನ ಅಂಗಡಿಗೆ ಹೋದೆವು. ಬೀಡಲ್ ಟೈ ಸರಿಮಾಡಿಕೊಂಡು ಒಳಕೋಣೆಯ ಬಾಗಿಲು ತೆರೆದ. ಮ್ಯೂರಿಯಲ್ ನೀಲಿ ಉಡುಪಿನಲ್ಲಿ ಮಲಗಿದ್ದಳು. ಜೀವವಿದ್ದಾಗ ಎಷ್ಟು ಬಿಗಿಯಾಗಿದ್ದಳೋ ಈಗಲೂ ಅಷ್ಟೇ. ಎದೆಯ ಮೇಲೆ ಎರಡು ಕೈಗಳು ಒಂದರ ಮೇಲೊಂದು ಕೂತಿದ್ದವು.

ಫ್ಯಾನ್‌ಶಾ ಬಹಳ ಹೊತ್ತು ನೋಡಿದ. "ಎರಡಿವೆ" ಅಂದ.

"ಸಾಮಾನ್ಯವಾಗಿ ಎರಡೇ ಇರ್ತಾವೆ, ಸರ್" ಅಂದ ಬೀಡಲ್.

"ಮೂರನೇದು ನಿಮ್ಮ ಹತ್ರ ಇದೆ" ಅಂದ ವಿಲ್ಫ್.

ವಕೀಲ ಗೋಡೆ ಹಿಡಿದು ಕುರ್ಚಿಗೆ ಕುಸಿದ. ಬೀಡಲ್ ನೀರು ತಂದ. ಆಗ ನನಗೆ ಏನೋ ಹೊಳೆದು, ಕಡಲು, ಕಂದೀಲು, ಕಡ್ಡಿ, ತುತ್ತೂರಿ ಎಂದು ಮೊದಲಿನಿಂದ ಹೇಳಿದೆ. ಕೇಳುತ್ತ ಕೇಳುತ್ತ ಅವನ ಮುಖಕ್ಕೆ ಮತ್ತೆ ರಕ್ತ ಬಂತು. ಕೊನೆಗೆ, ಹೆಣದ ಎದುರು ನಗಬಾರದೆಂದು ಕೈವಸ್ತ್ರ ಕಚ್ಚಿಕೊಂಡು ಹೊರಗೋಡಿದ. ಮರಳಿ ಬಂದಾಗ ಕಣ್ಣು ಕೆಂಪಾಗಿತ್ತು. ವಿಲ್ಫ್ ಅದನ್ನು ದುಃಖವೆಂದು ಭಾವಿಸಿ ಬೆನ್ನು ಸವರಿದ.

"ಗಾರ್ಬಟ್ ಅವ್ರೆ, ಅದೊಂದೇ ಯಾಕೆ? ನಮ್ಮ ಹತ್ರ ಇರೋದನ್ನೆಲ್ಲ ಕಳಿಸ್ತೀನಿ" ಅಂದ ಫ್ಯಾನ್‌ಶಾ. ಜೈಲು ತಪ್ಪಿದ ಮನುಷ್ಯನ ಧಾರಾಳ ಅದು. ಅದೇ ಮುಂದಿನ ಅನಾಹುತಕ್ಕೆ ಬೀಜ.

ಬುಧವಾರ ವಿಲ್ಫ್‌ನ ಮನೆ ಬಾಗಿಲಿಗೆ ಎನಿಡ್ ಬಂದಳು. ನಲವತ್ತು ವರ್ಷದಲ್ಲಿ ಮೊದಲ ಸಲ. ಕಪ್ಪು ಕೋಟು, ಕೊಡೆ, ಮುಖದಲ್ಲಿ ಒಂದು ಹನಿಯಿಲ್ಲ. ಒಳಗೆ ಬರಲಿಲ್ಲ.

"ನನ್ನ ಕೈನ ಅವಳ ಸಂಸ್ಕಾರದಲ್ಲಿ ತೋರಿಸ್ತೀಯಂತೆ, ವಿಲ್ಫ್."

"ಮ್ಯೂರಿಯಲ್ ಕೈ, ಎನಿಡ್."

"ತೋರಿಸು. ಅದು ಬಂದ ಕೂಡ್ಲೇ ನಾನು ಎದ್ದು ನಿಂತು ಯಾರದ್ದು ಅಂತ ಹೇಳ್ತೀನಿ. ಎಲ್ಲರ ಮುಂದೆ."

"ಅವಳು ಸತ್ತಿದಾಳೆ ಕಣೆ."

"ಗೊತ್ತು. ಅವಳಿದ್ದಾಗ ಹೇಳಿದ್ರೆ ಜಗಳ ಆಗ್ತಿತ್ತು."

ಈ ಮಾತು ಸಂಜೆಯೊಳಗೆ ಊರೆಲ್ಲ ಹರಡಿತು. ಮ್ಯೂರಿಯಲ್‌ಗಾಗಿ ಬರುವವರು ಹದಿನೈದು ಜನ ಇದ್ದರೇನೋ. ಎನಿಡ್‌ಗಾಗಿ ಇಡೀ ಊರು ಹೊರಟಿತು. ಅಷ್ಟು ಜನಕ್ಕೆ ಸಣ್ಣ ಟಿವಿ ಕಾಣುವುದಿಲ್ಲವೆಂದು, ಕ್ಲಬ್ಬಿನಲ್ಲಿ ಫುಟ್‌ಬಾಲ್ ನೋಡುವ ದೊಡ್ಡ ಪರದೆಯನ್ನೂ ಅದಕ್ಕೆ ಚಿತ್ರ ಬಿಡುವ ಯಂತ್ರವನ್ನೂ ನಾನೇ ವ್ಯಾನಿನಲ್ಲಿ ಚಿತಾಗಾರಕ್ಕೆ ಸಾಗಿಸಿದೆ. ಒಳ್ಳೆಯ ಉದ್ದೇಶದಿಂದ ಮಾಡಿದ್ದು. ನರಕಕ್ಕೆ ಹೋಗುವವರೆಲ್ಲ ಹೀಗೇ ಹೇಳುತ್ತಾರಂತೆ.

ಚಿತಾಗಾರದ ಅಧಿಕಾರಿ ಟ್ರಾನ್ಮರ್ ಗಡಿಯಾರದ ಮನುಷ್ಯ. ಒಂದು ಸಂಸ್ಕಾರಕ್ಕೆ ಇಂತಿಷ್ಟೇ ಹೊತ್ತು. ಹೊರಗೆ ಮುಂದಿನ ಹೆಣದ ಕಡೆಯವರು ಹಿಮದಲ್ಲಿ ನಿಂತಿರುತ್ತಾರೆ. "ಸಂಗೀತ ನಿಂತ ತಕ್ಷಣ ಪೆಟ್ಟಿಗೆ ಒಳಕ್ಕೆ ಹೊರಡತ್ತೆ. ಗುಂಡಿ ಒತ್ತೋನು ನಾನು. ಇದ್ರಲ್ಲಿ ಬದಲಾವಣೆ ಇಲ್ಲ" ಎಂದು ಮೊದಲೇ ಹೇಳಿದ್ದ.

ಗುರುವಾರ ಜನ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಎನಿಡ್ ಎರಡನೆಯ ಸಾಲಿನಲ್ಲಿ, ಎದ್ದು ನಿಲ್ಲಲು ಅನುಕೂಲವಾಗುವಂತೆ ಕೊನೆಯ ಕುರ್ಚಿಯಲ್ಲಿ ಕೂತಿದ್ದಳು. ಫ್ಯಾನ್‌ಶಾ ತಾನೇ ಕ್ಯಾಸೆಟ್ ಹಿಡಿದು ಬಂದಿದ್ದ. ಪಾದ್ರಿಗಳು ಲೋಗೋಸ್ ಬಗ್ಗೆ ಬರೆದುಕೊಂಡು ಬಂದದ್ದನ್ನು ಓದಿದರು. ಅದರಲ್ಲಿ ಅರ್ಧದಷ್ಟು ಗ್ರೀಕ್. ಜನ ಅದನ್ನೂ ಮ್ಯೂರಿಯಲ್‌ಳ ಗುಣಗಾನವೆಂದೇ ಕೇಳಿಸಿಕೊಂಡರು. ಕೊನೆಗೆ ಪಾದ್ರಿಗಳು ಕೈಯೆತ್ತಿ, "ಈಗ ಅದು ನಮ್ಮ ಕಣ್ಣಿಗೆ ಕಾಣಿಸಿಕೊಳ್ಳಲಿ" ಎಂದರು. ಅವರ ಮನಸ್ಸಿನಲ್ಲಿದ್ದದ್ದು ಒಂದು ನಿಮಿಷದ ಮೌನ.

ನಾನು ಕ್ಯಾಸೆಟ್ ಯಂತ್ರದ ಗುಂಡಿ ಒತ್ತಿದೆ. ಪರದೆಯ ಮೇಲೆ ಸಾಸೇಜಿನ ಮಾಲೆಯೊಂದು ಕಾಣಿಸಿತು.

ವಾರ್‌ಬೆಕ್ ಹೋಲ್ಡಿಂಗ್ಸ್ ಶುರುವಾದದ್ದು ಸಾಸೇಜಿನಿಂದ. ಕಂಪೆನಿ ತನ್ನ ಷೇರುದಾರರಿಗಾಗಿ ಮಾಡಿಸಿದ ಇತಿಹಾಸದ ಚಿತ್ರವನ್ನೇ ಫ್ಯಾನ್‌ಶಾ ಪೂರ್ತಿ ತಂದಿದ್ದ. ಸಾಸೇಜಿನ ನಂತರ ಸಿನಿಮಾ ಮಂದಿರಗಳು ಬಂದವು, ಬಿಂಗೋ ಆಟದ ಸಭಾಂಗಣಗಳು ಬಂದವು, ಹೆದ್ದಾರಿಯ ಹೋಟೆಲುಗಳು ಬಂದವು. "ಆಮೇಲೆ ನಾವು ಟೆಲಿವಿಷನ್ನಿನತ್ತ ಹಸಿದ ಕಣ್ಣು ಹಾಯಿಸಿದೆವು" ಎಂದಿತು ಧ್ವನಿ. ಪಾದ್ರಿಗಳು ಗ್ರೀಕ್ ಹಾಳೆಗಳನ್ನು ಮಡಚಿ ಕಿಸೆಗಿಟ್ಟರು.

ಮೊದಲು ಬಂದದ್ದು ದಕ್ಷಿಣದ ಯಾವುದೋ ಕಂಪೆನಿಯ ಹುಂಜ. ರೆಕ್ಕೆ ಬಡಿದು ಕೂಗಿತು, ಕಹಳೆ ಮೊಳಗಿತು, ನೀಲಿ ಬಳೆ ಬಂದು ಹುಂಜವನ್ನು ನುಂಗಿತು. ಸಂಗೀತ ನಿಂತಿತು. ಟ್ರಾನ್ಮರ್ ಗುಂಡಿ ಒತ್ತಿದ. ಪೆಟ್ಟಿಗೆ ಕಿರುಗುಡುತ್ತ ಬೆಂಕಿಯ ಮುಂದಿನ ತೆರೆಯ ಕಡೆ ಹೊರಟಿತು.

"ನಿಲ್ಸಿ, ಇನ್ನೂ ಇದೆ" ಎಂದು ನಾನು ಕೈ ಬೀಸಿದೆ. ಅವನು ನಿಲ್ಲಿಸಿದ.

ಮೂರು ಗೋಧಿ ತೆನೆಗಳು ತೂಗಿದವು. ಪಿಟೀಲು. ಬಳೆ ಬಂತು, ತೆನೆ ಹೋಯಿತು, ಸಂಗೀತ ನಿಂತಿತು. ಪೆಟ್ಟಿಗೆ ಒಂದು ಮೊಳ ಮುಂದೆ ಸರಿಯಿತು. ಗಿರಣಿಯ ಚಕ್ರ ತಿರುಗಿತು, ತಮಟೆ, ಬಳೆ, ಇನ್ನೊಂದು ಮೊಳ. ಬ್ರಿಟನ್ನಿನಲ್ಲಿ ಒಂದೊಂದು ಕಂಪೆನಿ ಮುಳುಗಿದಾಗಲೂ ಮ್ಯೂರಿಯಲ್ ಬೆಂಕಿಯ ಕಡೆ ಒಂದು ಮೊಳ ಹೋಗುತ್ತಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕೆಮ್ಮೋ ನಗುವೋ ದೇವರಿಗೇ ಗೊತ್ತು. ಹೊರಗೆ ಕಾಯುತ್ತಿದ್ದ ಮುಂದಿನ ಹೆಣದ ಕಡೆಯವರು ಚಳಿ ತಾಳದೆ ಒಳಗೆ ನುಗ್ಗಿ, ಇಲ್ಲಿ ಸಿನಿಮಾ ನಡೆಯುತ್ತಿದೆಯೆಂದು ಟೋಪಿ ತೆಗೆದು ನಿಂತರು.

ಪೆಟ್ಟಿಗೆಯ ಮುಕ್ಕಾಲು ಭಾಗ ಒಳಗೆ ಹೋದಾಗ ವಿಲ್ಫ್ ಎದ್ದ. ಹೋಗಿ ಪೆಟ್ಟಿಗೆಯ ತುದಿಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದು, ಕಾಲೂರಿ ನಿಂತ. ಹೊರಟ ಬಸ್ಸನ್ನು ಹಿಡಿದು ನಿಲ್ಲಿಸುವವನ ಹಾಗೆ.

"ಗಾರ್ಬಟ್ ಅವ್ರೆ, ಬಿಡಿ. ಯಂತ್ರ ಕೆಡತ್ತೆ" ಅಂದ ಟ್ರಾನ್ಮರ್.

"ಅವಳ ಸರದಿ ಇನ್ನೂ ಬಂದಿಲ್ಲ" ಅಂದ ವಿಲ್ಫ್.

ಆಗ ಯಾರೂ ಕೆಮ್ಮಲಿಲ್ಲ. ಟ್ರಾನ್ಮರ್ ಗುಂಡಿಯಿಂದ ಬೆರಳು ತೆಗೆದ. ಪರದೆ ಕಪ್ಪಾಯಿತು. ಸಮುದ್ರದ ಸದ್ದು ಕೇಳಿಸಿತು, ನಮ್ಮದೇ ಸಮುದ್ರ. ಬಲಗಡೆಯಿಂದ, ಬಾಗಿಲಿನಷ್ಟು ದೊಡ್ಡದಾಗಿ, ಆ ಕೈ ಬಂತು.

ಅದು ಗಂಡಸಿನ ಕೈ.

ಸಣ್ಣ ಟಿವಿಯ ಮಂಜುಮಂಜು ಚಿತ್ರದಲ್ಲಿ ಅಷ್ಟು ವರ್ಷ ಯಾರಿಗೂ ಕಾಣದ್ದು ಫುಟ್‌ಬಾಲ್ ಪರದೆಯ ಮೇಲೆ ಕುರುಡನಿಗೂ ಕಾಣುತ್ತಿತ್ತು. ಉಗುರಿಗೆ ಬಣ್ಣ ಬಳಿದಿದ್ದರು. ಮಣಿಕಟ್ಟಿಗೆ ಲೇಸಿನ ಅಂಚು ಸುತ್ತಿದ್ದರು. ಆದರೆ ಬೆರಳು ಒಂದೊಂದೂ ಗೂಟದಂತಿತ್ತು. ಬೆರಳ ಬೆನ್ನಿನ ಮೇಲೆ ಕಪ್ಪು ಕೂದಲು ಗಾಳಿಗೆ ಅಲ್ಲಾಡುತ್ತಿತ್ತು. ಹೆಣ್ಣುಮಕ್ಕಳಿಬ್ಬರ ಕೈ ನಡುಗಿರಬೇಕು, ಪಕ್ಕದಲ್ಲಿದ್ದ ಯಾವನೋ ಬಡಗಿಯೋ ದೀಪದವನೋ ಕಡ್ಡಿ ಇಸಕೊಂಡು ಕೆಲಸ ಮುಗಿಸಿರಬೇಕು. ಕಂದೀಲು ಹತ್ತಿಕೊಂಡಿತು. ತುತ್ತೂರಿ ಊದಿತು.

ಇಡೀ ಚಿತಾಗಾರದ ಕಣ್ಣು ಎನಿಡ್‌ಳ ಮೇಲೆ ತಿರುಗಿತು. ಅವಳು ಎದ್ದು ನಿಂತಿದ್ದಳು. ಕೈ ಕಂಡ ಕೂಡಲೇ ಏಳುತ್ತೇನೆಂದಿದ್ದಳಲ್ಲ, ಅಭ್ಯಾಸ ಮಾಡಿಕೊಂಡಿದ್ದ ಕಾಲು ತಾನೇ ಎದ್ದಿತ್ತು. ನಲವತ್ತು ವರ್ಷ ಅವಳ ಮುಖದ ಮೇಲಿಂದ ಇಳಿದುಹೋಗುವುದನ್ನು ನಾನು ಹತ್ತಿರದಿಂದ ನೋಡಿದೆ. ನೋಡಬಾರದಿತ್ತು.

ವಿಲ್ಫ್ ಪೆಟ್ಟಿಗೆಯನ್ನು ತಬ್ಬಿಕೊಂಡೇ ತಲೆ ತಿರುಗಿಸಿ ಪರದೆ ನೋಡುತ್ತಿದ್ದ. ಅವನಿಗೆ ಕನ್ನಡಕ ಹಾಕಿಕೊಳ್ಳಲು ಕೈ ಬಿಡುವಿರಲಿಲ್ಲ.

"ಎನಿಡ್, ಬಂತಾ?" ಅಂದ. "ಅವಳದ್ದು ಬಂತಾ?"

ಎನಿಡ್ ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು.

"ಬಂತು. ಮ್ಯೂರಿಯಲ್‌ದೇ. ನಮ್ಮ ಅಕ್ಕನ ಕೈ ನನಗೆ ಗೊತ್ತಾಗಲ್ವಾ?" ಎಂದಳು, ಎಲ್ಲರ ಮುಂದೆ, ಎಲ್ಲರಿಗೂ ಕೇಳಿಸುವಂತೆ. ಆಮೇಲೆ ಸುತ್ತ ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರಾದರೂ ಬೇರೆ ಮಾತಾಡುವವರಿದ್ದರೆ ಆಡಲಿ ಎಂಬಂತೆ. ಯಾರೂ ಆಡಲಿಲ್ಲ. ಮುಂದಿನ ಹೆಣದ ಕಡೆಯವರು ಕೂಡ ತಲೆಯಾಡಿಸಿದರು.

ವಿಲ್ಫ್ ಕೈ ಬಿಟ್ಟ. ಪೆಟ್ಟಿಗೆ ಒಳಗೆ ಹೋಯಿತು.

ಕ್ಲಬ್ಬಿನಲ್ಲಿ ಟೀಗೆ ಸೇರಿದೆವು. ಹ್ಯಾಮ್ ಸ್ಯಾಂಡ್‌ವಿಚ್, ಉಪ್ಪಿನಲ್ಲಿಟ್ಟ ಈರುಳ್ಳಿ, ಹಣ್ಣಿನ ಕೇಕು. ಜನ ಹವೆಯ ಬಗ್ಗೆ ಎಂದೂ ಇಲ್ಲದಷ್ಟು ಮಾತಾಡಿದರು. ಎನಿಡ್ ವಿಲ್ಫ್‌ನ ಪಕ್ಕದಲ್ಲಿ ಕೂತಿದ್ದಳು. ಅಕ್ಕ ಚಿಕ್ಕಂದಿನಲ್ಲಿ ನಿದ್ದೆಯಲ್ಲಿ ಹೇಗೆ ಗೊಣಗುತ್ತಿದ್ದಳೆಂದು ಹೇಳುತ್ತಿದ್ದಳು. ಕೊನೆಯವರೆಗೂ ಹಾಗೇ ಗೊಣಗುತ್ತಿದ್ದಳೆಂದು ವಿಲ್ಫ್ ಹೇಳುತ್ತಿದ್ದ.

ಫ್ಯಾನ್‌ಶಾ ಮುಖ ಸಣ್ಣದು ಮಾಡಿಕೊಂಡು ಹತ್ತಿರ ಬಂದ. ತಪ್ಪನ್ನು ಸರಿಮಾಡಲು ಹೊರಟ ಒಳ್ಳೆಯ ಮನುಷ್ಯನಷ್ಟು ಅಪಾಯಕಾರಿ ಬೇರೆ ಯಾರೂ ಇಲ್ಲ.

"ಗಾರ್ಬಟ್ ಅವ್ರೆ, ಒಂದು ವಿಷಯ. ಹಳೇ ಕಡತಗಳೆಲ್ಲ ನಮ್ಮ ನೆಲಮಾಳಿಗೇಲಿವೆ. ಆ ದಿನ ನಿಜವಾಗ್ಲೂ ಯಾರ ಕೈ ಚಿತ್ರೀಕರಿಸಿದ್ರು ಅಂತ ಬೇಕಾದ್ರೆ ಹುಡುಕಿಸ್ತೀನಿ."

ಎನಿಡ್ ಮಾತು ನಿಲ್ಲಿಸಿದಳು. ವಿಲ್ಫ್ ಬಾಯಲ್ಲಿದ್ದ ತುತ್ತನ್ನು ಆರಾಮವಾಗಿ ಅಗಿದು ನುಂಗಿದ. ಅವನ ಜೀವಮಾನದಲ್ಲಿ ಮೊದಲಿನಿಂದ ಶುರುವಾಗಿ ಸರಿಯಾದ ಜಾಗಕ್ಕೆ ತಲುಪಿದ ಮಾತು ಆಗ ಅವನು ಆಡಿದ್ದೊಂದೇ.

"ಬೇಡ ಸ್ವಾಮಿ. ಅದನ್ನ ಈಗ ತಾನೆ ಸುಟ್ಟು ಬಂದಿದೀವಿ."

"ಕೂತ್ಕೊಳ್ಳಿ" ಅಂದಳು ಎನಿಡ್ ವಕೀಲನಿಗೆ, ತಟ್ಟೆ ಮುಂದೆ ತಳ್ಳುತ್ತ. "ಹ್ಯಾಮ್ ತಗೊಳ್ಳಿ. ನಿಮ್ಮ ರೈಲಿಗಿನ್ನೂ ಹೊತ್ತಿದೆ."